ಓದುಗರ ಪ್ರಶ್ನೆ: ಕೈ ಆಡಿದ ಮಾತನ್ನು ಬರೆದುಕೊಳ್ಳೋದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ, ಊರು ಪಾಂಡವಪುರದ ಹತ್ತಿರ. ನಮ್ಮ ಬೀದಿಯಲ್ಲಿ ಹುಟ್ಟಿನಿಂದ ಕಿವಿ ಕೇಳದ ಅಕ್ಕ, ತಮ್ಮ ಇದ್ದಾರೆ. ಶಾಲೆಗೆ ಹೋದವರಲ್ಲ. ಮನೆಯಲ್ಲಿ ಎಲ್ಲಾ ಸನ್ನೆಯಲ್ಲೇ. ಇದನ್ನೇ ಪ್ರಾಜೆಕ್ಟ್ ಮಾಡೋಣ ಅಂತ ಇನ್ನೂರು ಪದಗಳ ಪಟ್ಟಿ ಬರೆದುಕೊಂಡಿದ್ದೇನೆ. ಒಂದೊಂದಕ್ಕೂ ಸನ್ನೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಸುಗೆ ಏನು ಮಾಡ್ತೀರಿ ಅಂತ ನೀವು ಕೇಳಿದರೆ ಅವರು ನಿಮಗೆ ಅರ್ಥವಾಗಲಿ ಅಂತ ಎರಡೂ ಕೈ ತಲೆಗಿಟ್ಟು ದೊಡ್ಡ ಕೊಂಬು ತೋರಿಸುತ್ತಾರೆ, ಬಾಲ ಬೀಸುತ್ತಾರೆ, ಹಾಲು ಕರೆದೂ ತೋರಿಸಬಹುದು. ಅದೇ ಅಕ್ಕ ತಮ್ಮ ಇಬ್ಬರೇ ಕೂತಾಗ ಒಂದು ಬೆರಳು ಕಿವಿ ಹತ್ತಿರ ಹೋಗಿ ಬಂದರೆ ಹಸು ಮುಗಿದಿರುತ್ತದೆ. ನಿಮಗೆ ಬೇಕಿರೋದು ಆ ಚಿಕ್ಕ ಸನ್ನೆ.

ಅದಕ್ಕೆ ಒಂದು ದಾರಿ ಇದೆ. ಮಾತಿಲ್ಲದ ಎರಡು ಮೂರು ನಿಮಿಷದ ವಿಡಿಯೋ ಒಂದನ್ನು ಅಕ್ಕನಿಗೆ ತೋರಿಸಿ. ಅವರು ಅದನ್ನು ನೋಡಿರದ ತಮ್ಮನಿಗೆ ಹೇಳಲಿ. ನೀವು ಕ್ಯಾಮೆರಾ ಆನ್ ಮಾಡಿ ಜಗಲಿಗೆ ಬಂದುಬಿಡಿ. ಕಿವಿ ಕೇಳುವವರು ಎದುರಿಗಿದ್ದರೆ ಸನ್ನೆ ಬದಲಾಗುತ್ತದೆ, ಹೊರಗಿನವರು ಬಂದಾಗ ನಮ್ಮ ಮಾತು ಬದಲಾಗೋ ಹಾಗೇ.

ಕ್ಯಾಮೆರಾ ಎರಡು ಇರಲಿ, ಒಬ್ಬೊಬ್ಬರ ಎದುರಿಗೆ ಒಂದೊಂದು. ಬೆಳಕು ಮುಂದಿನಿಂದ ಬೀಳಬೇಕು. ಫ್ರೇಮ್ ಮಾತ್ರ ದಯವಿಟ್ಟು ದೊಡ್ಡದಿಡಿ. ಮೊದಲ ಸಲ ಮಂಡ್ಯ ಕಡೆ ಒಂದು ಮನೆಯಲ್ಲಿ ರೆಕಾರ್ಡ್ ಮಾಡಿದಾಗ ನಾನು ಎದೆಯಿಂದ ಮೇಲಕ್ಕೆ ಮಾತ್ರ ಇಟ್ಟಿದ್ದೆ. ಆ ತಾಯಿ ತೀರಿಕೊಂಡ ಮಗು ಎಷ್ಟೆತ್ತರ ಇತ್ತು ಅಂತ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದ್ದರು. ಮನೆಗೆ ಬಂದು ನೋಡಿದರೆ ಅವರ ಮುಖ ಇದೆ, ಕೈ ಇಲ್ಲ. ಮತ್ತೊಮ್ಮೆ ಹೇಳಿ ಅಂತ ಕೇಳೋಕೆ ನನಗೆ ಮನಸ್ಸು ಬರಲಿಲ್ಲ. ಇನ್ನೊಂದು, ಕ್ಯಾಮೆರಾ ಯಾವ ದಿಕ್ಕಿಗೆ ನೋಡುತ್ತಿತ್ತು ಅಂತ ಬರೆದಿಡಿ. ನಿಮ್ಮೂರಲ್ಲಿ ನಾಲೆ ಅಂದರೆ ಅವರು ನಾಲೆ ಇರೋ ಕಡೆಗೇ ಕೈ ಮಾಡಬಹುದು, ದಿಕ್ಕು ಗೊತ್ತಿಲ್ಲದಿದ್ದರೆ ಆಮೇಲೆ ನೋಡುವವರಿಗೆ ಅದು ಸುಮ್ನೆ ಕೈ ಬೀಸಿದ ಹಾಗೆ ಕಾಣುತ್ತದೆ.

ಬರೆದುಕೊಳ್ಳೋಕೆ ಎಲಾನ್ ಅನ್ನೋ ಸಾಫ್ಟ್‌ವೇರ್ ಇದೆ. ನೆದರ್‌ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ವಿಡಿಯೋ ಕೆಳಗೆ ಸಾಲು ಸಾಲಾಗಿ ಬಲಗೈ, ಎಡಗೈ, ಹುಬ್ಬು, ಬಾಯಿ ಅಂತ ಬೇರೆ ಬೇರೆ ಗುರುತು ಹಾಕಬಹುದು. ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ, ಈ ಮೂರನ್ನೂ ಬಿಡಿಸಿ ನೋಡಬೇಕು ಅಂತ ಸನ್ನೆ ಭಾಷೆಯ ಸಂಶೋಧಕ ವಿಲಿಯಂ ಸ್ಟೋಕಿ ಅಮೆರಿಕದಲ್ಲಿ 1960ರಲ್ಲೇ ತೋರಿಸಿಕೊಟ್ಟರು. ಸನ್ನೆಯೂ ಪೂರ್ತಿ ಭಾಷೆ ಅಂತ ಪಂಡಿತರು ಒಪ್ಪೋಕೆ ಶುರು ಮಾಡಿದ್ದು ಅಲ್ಲಿಂದ. ತಾಳ್ಮೆ ಬೇಕು. ಒಂದು ನಿಮಿಷದ ವಿಡಿಯೋಗೆ ನನಗೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ.

ನೀವು ಗುರುತು ಹಾಕಿದ್ದನ್ನು ಆ ಅಕ್ಕನ ಜೊತೆ ಕೂತು ನೋಡಿ. ಇದನ್ನು ಬಿಡಲೇಬೇಡಿ. ನಾವು ಒಂದೇ ಸನ್ನೆ ಅಂದುಕೊಂಡಿದ್ದು ಅವರಿಗೆ ಎರಡಾಗಿರುತ್ತದೆ, ನಾವು ಮೂಗು ಕೆರೆದುಕೊಂಡರು ಅಂದುಕೊಂಡಿದ್ದು ಯಾರದೋ ಹೆಸರಾಗಿರುತ್ತದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರದ 2021ರ ನಿಘಂಟಿನಲ್ಲಿ 10,000 ಪದಗಳಿವೆ, ಆದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಇವರದು ಸರಿ, ತಪ್ಪು ಅಂತ ಅಳೆಯಬೇಡಿ. ಇವರದು ಮನೆಯಲ್ಲಿ ಹುಟ್ಟಿದ ಸನ್ನೆ. ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಕಿವಿ ಕೇಳುವ ಅನೇಕರೂ ಬಳಸೋ ಸನ್ನೆ ಭಾಷೆ ಬೆಳೆದಿದೆ, ಅದನ್ನು ಅಧ್ಯಯನ ಮಾಡಿದವರೂ ಅದನ್ನು ಅದರದೇ ಭಾಷೆಯಾಗಿ ನೋಡಿದರು.

ಒಪ್ಪಿಗೆ ವಿಷಯ. ಕಾಗದ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ವಿಡಿಯೋ ಯಾರು ನೋಡ್ತಾರೆ ಅಂತ ಸನ್ನೆಯಲ್ಲೇ ಹೇಳಿ, ಅವರು ಹೂಂ ಅಂದದ್ದನ್ನೂ ರೆಕಾರ್ಡ್ ಮಾಡಿ. ಮುಖ ಮಬ್ಬು ಮಾಡ್ತೀನಿ ಅಂತ ಮಾತು ಕೊಡಬೇಡಿ. ಹುಬ್ಬು ಏರಿದರೆ ಪ್ರಶ್ನೆ, ತಲೆ ಅಲ್ಲಾಡಿದರೆ ಇಲ್ಲ. ಮುಖ ಅಳಿಸಿದರೆ ಅರ್ಧ ವ್ಯಾಕರಣ ಹೋಯ್ತು.

ಪ್ರಶ್ನೆ: ಸನ್ನೆ ಭಾಷೆ ಪ್ರಪಂಚಕ್ಕೆಲ್ಲ ಒಂದೇ ಅಲ್ವಾ? (ಮದ್ದೂರು)

ಉತ್ತರ: ಅಲ್ಲ. ಇಂಗ್ಲಿಷ್ ಅಕ್ಷರಗಳನ್ನು ಅಮೆರಿಕದವರು ಒಂದೇ ಕೈಯಲ್ಲಿ ತೋರಿಸುತ್ತಾರೆ, ನಮ್ಮವರು ಎರಡೂ ಕೈ ಬಳಸುತ್ತಾರೆ.

ಪ್ರಶ್ನೆ: ನಮ್ಮತ್ತೆ ಫೋನಲ್ಲಿ ಮಾತಾಡುವಾಗಲೂ ಕೈ ಆಡಿಸುತ್ತಾರೆ. ಆ ಕಡೆಯವರಿಗೆ ಕಾಣಲ್ಲ, ಮತ್ತೆ ಯಾಕೆ? (ಮೈಸೂರು)

ಉತ್ತರ: ಕೈ ಬರೀ ಕೇಳುವವರಿಗೋಸ್ಕರ ಆಡೋದಲ್ಲ, ಮಾತು ಕೂಡಿಸಿಕೊಳ್ಳೋಕೆ ಹೇಳುವವರಿಗೂ ಬೇಕು. ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳು ಮಾತಾಡುವಾಗ ಕೈ ಆಡಿಸುತ್ತಾರೆ, ಎದುರಿಗಿರುವವರಿಗೂ ಕಣ್ಣು ಕಾಣಲ್ಲ ಅಂತ ಗೊತ್ತಿದ್ದಾಗಲೂ ಆಡಿಸುತ್ತಾರೆ ಅಂತ ಸಂಶೋಧಕರಾದ ಐವರ್ಸನ್ ಮತ್ತು ಗೋಲ್ಡಿನ್ ಮೆಡೋ 1998ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಯಾರ ಕೈಯನ್ನೂ ನೋಡಿ ಕಲಿತವರಲ್ಲ.

ನೀವೇ ಪರೀಕ್ಷೆ ಮಾಡಬಹುದು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಿ. ವಿಡಿಯೋ ಬೇಡ, ಕೇಳದೆ ತೆಗೆಯೋದು ಸರಿಯಲ್ಲ. ಬರೀ ನೋಟ್‌ಬುಕ್ ಸಾಕು. ಹೂವು ಮಾರುವವರು ಮೊಣಕೈಯಿಂದ ಬೆರಳ ತುದಿವರೆಗೆ ಮೊಳ ಹಾಕುವುದು ಅಳತೆ, ಅದನ್ನು ಬಿಡಿ. ಕೈಯಲ್ಲಿ ಹೂವೇ ಇಲ್ಲದೆ "ಎರಡು ಮೊಳ ತಗೊಳ್ಳಿ" ಅನ್ನುವಾಗ ಮೊಣಕೈ ಮೇಲೇಳುತ್ತದಾ ನೋಡಿ. ಎದ್ದರೆ ಅದು ಯಾವ ಮಾತಿನ ಜೊತೆ ಎದ್ದಿತು ಅಂತ ಗುರುತು ಹಾಕಿಕೊಳ್ಳಿ, "ಎರಡು" ಅಂದಾಗಲೋ, "ಮೊಳ" ಅಂದಾಗಲೋ, ಇನ್ನೂ ಬಾಯಿ ತೆರೆಯೋಕೆ ಮುಂಚೆಯೋ. ಆ ಪುಟ ನನಗೂ ಕಳಿಸಿ.