ಬಿಟ್ಟುಹೋದವರು ಬರೆದಿಟ್ಟ ಲೆಕ್ಕ

ಸೋಮವಾರಪೇಟೆಯ ಓದುಗರೊಬ್ಬರು ಬರೆಯುತ್ತಾರೆ: ‘ಹಿಂದೂ ಮಹಾಸಾಗರದ ಟ್ರೊಮೆಲಿನ್ ದ್ವೀಪದ ಉತ್ಖನನದ ಲೇಖನ ಓದಿದೆ. ಹಡಗಿನ ಕಾಗದಪತ್ರಗಳೇ ಉಳಿದಿರುವಾಗ ಮರಳು ಅಗೆದು ಹೊಸದಾಗಿ ತಿಳಿಯುವುದೇನು? ಕಾಫಿ ದರ, ಆನೆ ಹಾವಳಿ ಬಿಟ್ಟು ಕೊಡಗಿನ ಪತ್ರಿಕೆಗೆ ಈ ಉಸಾಬರಿ ಏಕೆ?’

ಕಾಫಿಯೂ ಆನೆಯೂ ಮುಂದಿನ ಸಂಚಿಕೆಯಲ್ಲಿವೆ. ಅಗೆತಕ್ಕೆ ದುಡ್ಡು ಸುರಿಯಬೇಕು ಎನ್ನುವುದೂ ನಿಜ. ಆದರೆ ‘ಕಾಗದಪತ್ರ’ ಎಂದಿರಲ್ಲ ಸ್ವಾಮಿ, ಅದನ್ನು ಬರೆದವರು ಯಾರು?

ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ‘ಯುಟಿಲ್’ ಹಡಗು 1761ರ ಜುಲೈ 31ರ ರಾತ್ರಿ ಆ ದ್ವೀಪಕ್ಕೆ ಬಡಿದು ಒಡೆಯಿತು. ಒಡಲಲ್ಲಿ ಕಳ್ಳತನದಿಂದ ಕೊಂಡು ತಂದ ಮಡಗಾಸ್ಕರಿನ ಗುಲಾಮರಿದ್ದರು. ಫ್ರೆಂಚರು ಮುರಿದ ಹಲಗೆಗಳಿಂದ ದೋಣಿ ಕಟ್ಟಿಕೊಂಡು, ‘ಬಂದು ಕರೆದೊಯ್ಯುತ್ತೇವೆ’ ಎಂದು ಹೇಳಿ ಹೊರಟೇಬಿಟ್ಟರು. ಹಿಂದೆ ಉಳಿದವರು ಸುಮಾರು 60 ಜನ. ಮಾರಿಷಸ್‌ನಲ್ಲಿದ್ದ ಫ್ರೆಂಚ್ ಗವರ್ನರ್ ಹಡಗು ಕಳಿಸಲು ಒಪ್ಪಲಿಲ್ಲ. 1776ರ ನವೆಂಬರಿನಲ್ಲಿ ಕೊನೆಗೂ ಹಡಗೊಂದು ಮುಟ್ಟಿದಾಗ ಬದುಕಿದ್ದವರು ಏಳು ಹೆಂಗಸರು, ಎಂಟು ತಿಂಗಳ ಒಂದು ಕೂಸು.

ನಡುವಿನ ಹದಿನೈದು ವರ್ಷ? ದೋಣಿ ಹತ್ತಿ ಹೋದವರ ಕಾಗದದಲ್ಲಿ ಅದು ಹೇಗೆ ಸಿಕ್ಕೀತು! 2006ರಿಂದ 2013ರವರೆಗೆ ಫ್ರೆಂಚ್ ಪುರಾತತ್ತ್ವಜ್ಞ ಮ್ಯಾಕ್ಸ್ ಗೆರೂ ಅವರ ತಂಡ ಅಲ್ಲಿ ಅಗೆದಾಗಲೇ ಗೊತ್ತಾದದ್ದು. ಚಂಡಮಾರುತಕ್ಕೆ ಜಗ್ಗದಂತೆ ದಪ್ಪ ಕಲ್ಲುಗೋಡೆಯ ಮನೆಗಳು. ಮಡಗಾಸ್ಕರಿನ ಸಂಪ್ರದಾಯದಲ್ಲಿ ಕಲ್ಲು ಗೋರಿಗೆ, ಬದುಕಿರುವವರಿಗೆ ಮರದ ಮನೆ. ಆ ಕಟ್ಟಳೆಯನ್ನು ಮುರಿದು ಕಲ್ಲಿನ ಮನೆ ಕಟ್ಟಿಕೊಂಡಿದ್ದರು. ತೂತಾದ ತಾಮ್ರದ ಪಾತ್ರೆಗೆ ಮತ್ತೆ ಮತ್ತೆ ತೇಪೆ ಹೊಡೆದಿದ್ದರು. ಕಡಲಹಕ್ಕಿ, ಆಮೆ ತಿಂದು ಬಿಸಾಡಿದ ಎಲುಬುಗಳೂ ಇದ್ದವು. ನನಗಂತೂ ಆ ತೇಪೆಗಳ ಚಿತ್ರದಿಂದ ಕಣ್ಣು ಕೀಳಲಾಗಲಿಲ್ಲ.

ಯಾರ ಲೆಕ್ಕ ಉಳಿಯುತ್ತದೆ ಎನ್ನುವುದಕ್ಕೆ ಇನ್ನೊಂದು ಹಡಗು ನೋಡಿ. ಇಂಗ್ಲಿಷರ ‘ಗ್ರೋಸ್ವೆನರ್’ ನಮ್ಮ ಮದ್ರಾಸಿನ ಕಡೆಯಿಂದಲೇ ಹೊರಟದ್ದು. 1782ರ ಆಗಸ್ಟ್ 4ರಂದು ಆಫ್ರಿಕಾದ ಕರಾವಳಿಯಲ್ಲಿ ಒಡೆಯಿತು. ದಡ ಸೇರಿದವರಲ್ಲಿ ಬಿಳಿಯ ಹೆಂಗಸರು ಎಲ್ಲೋ ಬದುಕಿದ್ದಾರೆ ಎಂಬ ಗಾಳಿಸುದ್ದಿ ವರ್ಷಗಟ್ಟಲೆ ಅಡಗಲಿಲ್ಲ. 1790ರಲ್ಲೂ ಹುಡುಕಲು ಒಂದು ತಂಡ ಹೊರಟಿತು. ಅದೇ ಹಡಗಿನಲ್ಲಿ ದುಡಿಯುತ್ತಿದ್ದ ನಮ್ಮ ಲಷ್ಕರ್ ನಾವಿಕರ ಪಾಡು ಲಂಡನ್ನಿನಲ್ಲಿ ಯಾರ ನಿದ್ದೆ ಕೆಡಿಸಿತು?

ಇನ್ನು ‘ಕೊಡಗಿಗೇಕೆ’ ಎಂಬ ಪ್ರಶ್ನೆ. ನಮ್ಮ ಒಕ್ಕಗಳಿಗೆ, ಅಂದರೆ ಮನೆತನಗಳಿಗೆ, ಮೂಲಮನೆಯಾದ ಐನ್‌ಮನೆಯಿದೆ, ಹಿರಿಯರ ಗುಡಿಯಾದ ಕೈಮಡವಿದೆ, ಮೂಲಪುರುಷ ಕಾರಣನ ನೆನಪಿದೆ. ಒಂದು ಕಾಲಕ್ಕೆ ವಂಶಪಾರಂಪರ್ಯದ ಜಮ್ಮಾ ಭೂಮಿಗೆ ಕಟ್ಟುಬಿದ್ದು ಜೀತ ಮಾಡಿದ ಯರವ ಬುಡಕಟ್ಟಿನವರ ಹೆಸರು ಯಾವ ಪುಸ್ತಕದಲ್ಲಿದೆ? ಘಟ್ಟ ಹತ್ತಿ ಬಂದು ಕಾಫಿಗಿಡ ನೆಟ್ಟ ಕೂಲಿಗಳದ್ದು? ತೋಟದ ಗುಮಾಸ್ತ ರೈಟರು ಬರೆದ ಚೆಕ್‌ರೋಲ್‌ನಲ್ಲಿ ಹಾಜರಿ ಇತ್ತು, ಸಂಬಳ ಇತ್ತು, ಅಷ್ಟೇ. ಆ ಪುಸ್ತಕಗಳೂ ಗೆದ್ದಲಿಗೆ ಹೋದವು. ನನಗೆ ಗೊತ್ತಿರುವ ತೋಟವೊಂದರಲ್ಲಿ ಕೂಲಿಗಳಿದ್ದ ಹಳೆಯ ಸಾಲುಮನೆಗಳನ್ನು, ಅಂದರೆ ಲೈನ್‌ಮನೆಗಳನ್ನು, ಜೆಸಿಬಿ ತಂದು ಒಂದೇ ದಿನಕ್ಕೆ ನೆಲಸಮ ಮಾಡಿದರು. ಅಲ್ಲೀಗ ಹೋಂಸ್ಟೇ, ಗೋಡೆ ತುಂಬ ದೊರೆಗಳ ಬೇಟೆಯ ಫೋಟೊಗಳು. ಪರಂಪರೆಯಂತೆ!

ನಿಮ್ಮ ಕಡೆಯ ತೋಟಗಳಲ್ಲಿ ಹಳೆಯ ಲೈನ್ ಇನ್ನೂ ನಿಂತಿದ್ದರೆ, ಒಲೆ, ನಂಬರು, ಗೋಡೆಯ ಗೀಚು ಎಲ್ಲವನ್ನೂ ಫೋಟೊ ತೆಗೆದು ಕಳಿಸಿ. ಎಷ್ಟು ಪುಟವಾದರೂ ಕೊಡುತ್ತೇವೆ. ಆನೆಯ ಲೇಖನ ಒಂದು ತಿಂಗಳು ಕಾದರೂ ಸರಿ.

– ಸಂ.