ಅಪ್ಪನ ಫೋನಿನಲ್ಲಿ ಪ್ಲೇ ಸ್ಟೋರ್, ಮೆಸೇಜ್, ಕ್ಯಾಮೆರಾ ಕಾಣ್ತಿಲ್ಲ. ಎಲ್ಲಾ ಅಳಿಸಿ ಸಾಫ್ಟ್‌ವೇರ್ ಹಾಕಿಸಲೇಬೇಕಾ?

ಬೇಡ. ಇವತ್ತಂತೂ ಬೇಡ. ಫೋನ್ ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ಮೊದಲು ಹೋಗಿ ಇಸ್ಕೊಂಡು ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ನೀವು ರಾಣೆಬೆನ್ನೂರಿನಿಂದ ಬರೆದಿದ್ದೀರಿ. ತಂದೆಯವರ ಆಂಡ್ರಾಯ್ಡ್ ಫೋನಿನಲ್ಲಿ ಜಾಗ ತುಂಬಿತ್ತು. ಅಣ್ಣನ ಮಗ ಜಾಗ ಮಾಡಿಕೊಡ್ತೀನಿ ಅಂತ ಕೂತು ಏನೇನೋ ಒತ್ತಿದ. ಮರುದಿನದಿಂದ ಪ್ಲೇ ಸ್ಟೋರ್ ಇಲ್ಲ, ಮೆಸೇಜ್ ಇಲ್ಲ, ಕ್ಯಾಮೆರಾ ಇಲ್ಲ. ಬ್ಯಾಂಕಿನ ಓಟಿಪಿ ನೋಡೋಕೆ ಆಗ್ತಿಲ್ಲ. ಅಂಗಡಿಯವರು ಫೋನ್ ಪೂರ್ತಿ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಬೇಕು ಅಂತಿದ್ದಾರೆ, ಒಪ್ಪಬೇಕಾ ಅಂತ ಕೇಳಿದ್ದೀರಿ.

ನಾನು ಗದಗದಲ್ಲಿ ಮುಳಗುಂದ ನಾಕಾ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತೇನೆ. ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಸಂತೆಗೋ ಆಸ್ಪತ್ರೆಗೋ ಬಂದವರು ಹಾಗೇ ನಮ್ಮ ಅಂಗಡಿಗೂ ಬರುತ್ತಾರೆ. "ತಮ್ಮಾ, ಮೆಸೇಜಿನ ಡಬ್ಬಿನ ಕಾಣವಲ್ದು ನೋಡು" ಅಂತ ಫೋನ್ ಮುಂದಿಡುತ್ತಾರೆ. ಹೆಚ್ಚಿನ ಸಲ ಅದಕ್ಕೆ ಸ್ಕ್ರೂ ಡ್ರೈವರೂ ಬೇಡ, ಕೇಬಲ್ಲೂ ಬೇಡ. ಅವರ ಕಣ್ಣೆದುರೇ ಎರಡು ನಿಮಿಷದಲ್ಲಿ ಸರಿಯಾಗುತ್ತದೆ.

ಯಾಕೆ ಅಂದರೆ, ಕಂಪನಿಯಿಂದ ಬರುವಾಗಲೇ ಫೋನಿನಲ್ಲಿರುವ ಮುಖ್ಯ ಆ್ಯಪ್‌ಗಳು ಸಿಸ್ಟಮ್ ಅನ್ನುವ ಬೇರೆ ಭಾಗದಲ್ಲಿ ಇರುತ್ತವೆ. ಆ ಭಾಗದಲ್ಲಿರುವುದನ್ನು ಫೋನ್ ಓದಿಕೊಳ್ಳುತ್ತದೆ, ಆದರೆ ನಾವು ನೀವು ಅಲ್ಲಿಂದ ಏನನ್ನೂ ಅಳಿಸಲು ಬರುವುದಿಲ್ಲ. ಅಳಿಸಲು ಹೋದರೆ ಆಗುವುದು ಡಿಸೇಬಲ್ ಮಾತ್ರ. ಅಂಗಡಿಯ ಶಟರ್ ಎಳೆದ ಹಾಗೆ. ಹೊರಗಿನಿಂದ ನೋಡಿದರೆ ಮುಚ್ಚಿದೆ, ಸಾಮಾನು ಒಳಗೇ ಇದೆ. ಹುಡುಗ ಇಷ್ಟು ಮಾಡಿದರೂ ಜಾಗ ಹೆಚ್ಚೇನೂ ಸಿಕ್ಕಿರುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ. ಡಿಸೇಬಲ್ ಮಾಡಿದಾಗ ಆ ಆ್ಯಪ್‌ನ ಅಪ್‌ಡೇಟು, ಅದು ಕೂಡಿಟ್ಟುಕೊಂಡ ಡೇಟಾ ಹೋಗುತ್ತವೆ, ಮೂಲ ಆ್ಯಪ್ ಕೂತ ಜಾಗದಲ್ಲೇ ಕೂತಿರುತ್ತದೆ.

ಹುಡುಗನಿಗೆ ಬೈಯಬೇಡಿ. ಐಕಾನ್ ಮೇಲೆ ಬೆರಳು ಒತ್ತಿ ಹಿಡಿದರೆ ಡಿಸೇಬಲ್ ಅಂತ ಎಷ್ಟೋ ಫೋನುಗಳಲ್ಲಿ ತಾನೇ ಕೇಳುತ್ತದೆ. ದೊಡ್ಡವರೂ ಒತ್ತಿಬಿಡುತ್ತಾರೆ.

ಈಗ ಕೆಲಸಕ್ಕೆ ಬನ್ನಿ. ಸೆಟ್ಟಿಂಗ್ಸ್ ತೆರೆದು ಆ್ಯಪ್ಸ್ ಒತ್ತಿ. ರೆಡ್‌ಮಿ ಆದರೆ ಅದರೊಳಗೆ ಮ್ಯಾನೇಜ್ ಆ್ಯಪ್ಸ್ ಅಂತ ಇರುತ್ತದೆ, ಬೇರೆ ಕೆಲವದರಲ್ಲಿ ಸೀ ಆಲ್ ಆ್ಯಪ್ಸ್ ಅಂತ ಇರುತ್ತದೆ. ದೊಡ್ಡ ಪಟ್ಟಿ ಬರುತ್ತದೆ. ಅದರಲ್ಲಿ ಗೂಗಲ್ ಪ್ಲೇ ಸ್ಟೋರ್ ಹುಡುಕಿ. ಸ್ಯಾಮ್ಸಂಗ್ ಮತ್ತು ಇನ್ನೂ ಕೆಲವು ಫೋನುಗಳಲ್ಲಿ ಪಟ್ಟಿಯ ಮೇಲ್ಗಡೆ ಡಿಸೇಬಲ್ ಆದವನ್ನಷ್ಟೇ ಆರಿಸಿ ನೋಡುವ ದಾರಿಯೂ ಇದೆ, ಅಲ್ಲಿ ಮೂರೂ ಒಟ್ಟಿಗೆ ಸಿಕ್ಕರೂ ಸಿಕ್ಕಾವು. ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೆ ಗಾಬರಿ ಬೇಡ. ಮೇಲಿನ ಮೂಲೆಯ ಮೂರು ಚುಕ್ಕೆ ಒತ್ತಿ, ಶೋ ಸಿಸ್ಟಮ್ ಅನ್ನುವುದನ್ನು ಆರಿಸಿ. ಹೆಸರು ಸಿಕ್ಕಮೇಲೆ ಒತ್ತಿ, ಒಳಗೆ ಎನೇಬಲ್ ಅಂತ ಬಟನ್ ಇರುತ್ತದೆ. ಒತ್ತಿದರೆ ಮುಗಿಯಿತು, ಐಕಾನ್ ತಿರುಗಿ ಬರುತ್ತದೆ.

ತಂದೆಯವರ ಫೋನ್ ಕನ್ನಡದಲ್ಲಿದ್ದರೆ ಇಲ್ಲಿ ಒಂದು ಎಚ್ಚರ ಬೇಕು. ಎನೇಬಲ್ ಅಂದರೆ ಅಲ್ಲಿ 'ಸಕ್ರಿಯಗೊಳಿಸಿ', ಡಿಸೇಬಲ್ ಅಂದರೆ 'ನಿಷ್ಕ್ರಿಯಗೊಳಿಸಿ'. ಸಣ್ಣ ಅಕ್ಷರದಲ್ಲಿ, ಗೀರು ಬಿದ್ದ ಗಾಜಿನ ಮೇಲೆ, ಎರಡೂ ಒಂದೇ ತರ ಕಾಣುತ್ತವೆ. ಮುಂಡರಗಿಯ ಒಬ್ಬ ಕಾಕಾ ಒಂದು ಆ್ಯಪ್ ಸರಿಮಾಡಲು ಹೋಗಿ ನಾಲ್ಕನ್ನು ಮುಚ್ಚಿಕೊಂಡು ಬಂದಿದ್ದರು. ಕನ್ನಡಕ ಹಾಕಿಕೊಂಡು ಮೊದಲ ಅಕ್ಷರ ನೋಡಿ ಒತ್ತಿ ಅಂತ ಅವರಿಗೆ ಹೇಳಿಕೊಟ್ಟೆ. 'ಸ' ಇದ್ದರೆ ಒತ್ತಿ, 'ನಿ' ಇದ್ದರೆ ಬಿಡಿ.

ಪ್ಲೇ ಸ್ಟೋರ್ ಮಾಡಿದಮೇಲೆ ಗೂಗಲ್ ಪ್ಲೇ ಸರ್ವೀಸಸ್ ಅನ್ನುವುದನ್ನೂ, ಡೌನ್‌ಲೋಡ್ ಮ್ಯಾನೇಜರ್ ಅನ್ನುವುದನ್ನೂ ನೋಡಿ. ಇವೆರಡಕ್ಕೆ ಹೊರಗೆ ಐಕಾನ್ ಇರುವುದಿಲ್ಲ, ಹಾಗಾಗಿ ಮುಚ್ಚಿಹೋಗಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪ್ಲೇ ಸ್ಟೋರ್ ತೆರೆಯುತ್ತದೆ, ಆದರೆ ಏನು ಇಳಿಸಲು ಹೋದರೂ ಪೆಂಡಿಂಗ್ ಅಂತಲೇ ನಿಂತಿರುತ್ತದೆ. ಇನ್ನೊಂದು, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ. ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವುದು ಇದರ ಕೆಲಸ. ಆಂಡ್ರಾಯ್ಡ್ 7, 8, 9 ಇರುವ ಹಳೆಯ ಫೋನಿನಲ್ಲಿ ಇದು ಡಿಸೇಬಲ್ ಅಂತ ಕಂಡರೆ ಹಾಗೇ ಬಿಡಿ. ಆ ಮೂರರಲ್ಲಿ ಅದರ ಕೆಲಸವನ್ನು ಕ್ರೋಮ್ ಮಾಡುತ್ತದೆ. ಅದಕ್ಕಿಂತ ಹೊಸ ಫೋನಾದರೆ ಅದು ಎನೇಬಲ್ ಇರಬೇಕು.

ಹುಡುಗ ಯಾವ್ಯಾವುದನ್ನು ಮುಚ್ಚಿದ ಅಂತ ನೆನಪಿಲ್ಲ ಅಂದಿದ್ದೀರಿ. ಹಾಗಿದ್ದರೆ ಒಂದೊಂದೇ ಹುಡುಕುತ್ತಾ ಕೂರಬೇಡಿ. ಅದೇ ಆ್ಯಪ್ ಪಟ್ಟಿಯ ಮೂರು ಚುಕ್ಕೆಯಲ್ಲಿ ರೀಸೆಟ್ ಆ್ಯಪ್ ಪ್ರಿಫರೆನ್ಸಸ್ ಅಂತ ಇದೆ. ಕೆಲವು ಕಂಪನಿಯವರು ಇದನ್ನು ಸೆಟ್ಟಿಂಗ್ಸ್‌ನ ಕೊನೆಯಲ್ಲಿ ರೀಸೆಟ್ ವಿಭಾಗದೊಳಗೆ ಇಟ್ಟಿರುತ್ತಾರೆ. ರೀಸೆಟ್ ಅನ್ನುವ ಪದ ನೋಡಿ ಹೆದರಬೇಡಿ, ಇದು ಫೋನ್ ಅಳಿಸುವ ರೀಸೆಟ್ ಅಲ್ಲ. ಡಿಸೇಬಲ್ ಆದ ಆ್ಯಪ್‌ಗಳೆಲ್ಲ ಒಂದೇ ಸಲ ತೆರೆದುಕೊಳ್ಳುತ್ತವೆ. ಫೋಟೋ, ನಂಬರು, ವಾಟ್ಸ್ಆ್ಯಪ್ ಯಾವುದೂ ಹೋಗುವುದಿಲ್ಲ. ಆದರೆ ಯಾವ ಆ್ಯಪ್‌ಗೆ ನೋಟಿಫಿಕೇಷನ್ ಬೇಡ ಅಂದಿದ್ದಿರೋ, ಯಾವುದಕ್ಕೆ ಪರ್ಮಿಷನ್ ಕೊಟ್ಟಿರಲಿಲ್ಲವೋ, ಅದೆಲ್ಲ ಮೊದಲಿನ ಹಾಗಾಗುತ್ತದೆ, ಮತ್ತೆ ಹೊಂದಿಸಿಕೊಳ್ಳಬೇಕು. ಫ್ಯಾಕ್ಟರಿ ರೀಸೆಟ್ ಅಥವಾ ಇರೇಸ್ ಆಲ್ ಡೇಟಾ ಅಂತ ಇರುವುದು ಬೇರೆ. ಅದರ ಹತ್ತಿರ ಬೆರಳು ಒಯ್ಯಬೇಡಿ.

ಮೆಸೇಜ್ ಎನೇಬಲ್ ಆದಮೇಲೆ ಅದನ್ನು ತೆರೆದರೆ, ಇದನ್ನೇ ಎಸ್ಸೆಮ್ಮೆಸ್ ಆ್ಯಪ್ ಆಗಿ ಇಟ್ಟುಕೊಳ್ಳಲಾ ಅಂತ ಕೇಳಬಹುದು. ಹೌದು ಅನ್ನಿ. ಕೇಳದಿದ್ದರೆ ಆ್ಯಪ್ಸ್ ಒಳಗಿನ ಡಿಫಾಲ್ಟ್ ಆ್ಯಪ್ಸ್‌ನಲ್ಲಿ ಎಸ್ಸೆಮ್ಮೆಸ್ ಮುಂದೆ ಯಾವ ಹೆಸರಿದೆ ನೋಡಿ. ಓಟಿಪಿ ಕಾಣಬೇಕಾದರೆ ಅದು ಸರಿ ಇರಬೇಕು. ಹಳೆಯ ಮೆಸೇಜ್‌ಗಳು ಹೋದವೇನೋ ಅಂತ ತಂದೆಯವರಿಗೆ ಚಿಂತೆ ಇದ್ದೀತು. ಎಸ್ಸೆಮ್ಮೆಸ್‌ಗಳು ಮೆಸೇಜ್ ಆ್ಯಪ್‌ನ ಒಳಗೆ ಇರುವುದಿಲ್ಲ, ಫೋನಿನಲ್ಲಿ ಬೇರೆ ಕಡೆ ಇರುತ್ತವೆ. ಫೋಟೋಗಳೂ ಹಾಗೇ. ಕ್ಯಾಮೆರಾ ತೆಗೆಯುತ್ತದೆ, ಗ್ಯಾಲರಿ ತೋರಿಸುತ್ತದೆ, ಆದರೆ ಫೋಟೋ ಇರುವುದು ಡಿಸಿಐಎಮ್ ಅನ್ನುವ ಫೋಲ್ಡರಿನಲ್ಲಿ. ಈ ಎರಡೂ ಆ್ಯಪ್ ಮುಚ್ಚಿದ್ದರೂ ಫೋಟೋ ಅಲ್ಲೇ ಇರುತ್ತದೆ. ಗಡಿಯಾರದ ಆ್ಯಪ್ ಮುಚ್ಚಿಹೋಗಿದ್ದರೆ ಮಾತ್ರ ಅಲಾರಂ ಮತ್ತೆ ಇಟ್ಟುಕೊಳ್ಳಬೇಕಾದೀತು.

ಕ್ಯಾಮೆರಾ ಬಗ್ಗೆ ನನಗೆ ಬೇರೆ ಅನುಮಾನ ಇದೆ. ಎಷ್ಟೋ ಫೋನುಗಳಲ್ಲಿ ಕ್ಯಾಮೆರಾಕ್ಕೆ ಡಿಸೇಬಲ್ ಬಟನ್ನೇ ಕೊಟ್ಟಿರುವುದಿಲ್ಲ. ಪವರ್ ಬಟನ್ ಎರಡು ಸಲ ಬೇಗ ಬೇಗ ಒತ್ತಿ ನೋಡಿ, ಅಥವಾ ಲಾಕ್ ಸ್ಕ್ರೀನಿನ ಮೂಲೆಯ ಕ್ಯಾಮೆರಾ ಚಿತ್ರ ಎಳೆದು ನೋಡಿ. ಕ್ಯಾಮೆರಾ ತೆರೆದರೆ ಆ್ಯಪ್ ಚೆನ್ನಾಗಿದೆ, ಐಕಾನ್ ಮಾತ್ರ ಅಡಗಿದೆ. ಸ್ಯಾಮ್ಸಂಗ್‌ನಲ್ಲಿ ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್ ಒಳಗೆ ಹೈಡ್ ಆ್ಯಪ್ಸ್ ಇದೆ, ಅಲ್ಲಿಂದ ಬಿಡಿಸಬಹುದು. ಬೇರೆ ಕಂಪನಿಯವುಗಳಲ್ಲಿ ಸೆಟ್ಟಿಂಗ್ಸ್‌ನ ಮೇಲಿನ ಹುಡುಕುವ ಜಾಗದಲ್ಲಿ 'ಹೈಡ್' ಅಂತ ಟೈಪ್ ಮಾಡಿದರೆ ಸಾಕು. ರೆಡ್‌ಮಿಯಲ್ಲಿ ಸೆಕೆಂಡ್ ಸ್ಪೇಸ್ ಅಂತ ಒಂದಿದೆ. ಹುಡುಗ ಅದನ್ನು ತೆರೆದುಬಿಟ್ಟಿದ್ದರೆ ಫೋನೇ ಹೊಸದರ ಹಾಗೆ ಕಾಣುತ್ತದೆ, ಫೋಟೋನೂ ಕಾಣುವುದಿಲ್ಲ. ಮೊದಲಿನ ಸ್ಪೇಸ್‌ಗೆ ಹೋದರೆ ಎಲ್ಲಾ ಅಲ್ಲೇ ಇರುತ್ತದೆ. ಇನ್ನು ಐಕಾನ್ ಇದ್ದು ಅದರ ಮೇಲೆ ಸಣ್ಣ ಮೋಡದ ಗುರುತಿದ್ದರೆ ಅದು ಆರ್ಕೈವ್ ಆಗಿದೆ ಅಂತ. ಜಾಗ ಉಳಿಸಲು ಪ್ಲೇ ಸ್ಟೋರ್ 2023ರಿಂದ ಈ ವ್ಯವಸ್ಥೆ ತಂದಿದೆ. ಒತ್ತಿದರೆ ಮತ್ತೆ ಇಳಿಯುತ್ತದೆ.

ನನ್ನ ಮೊದಲ ಮಾತು ಅಷ್ಟು ಗಡಸಾಗಿ ಬಂದದ್ದಕ್ಕೆ ಕಾರಣ ಇದೆ. ಬೆಟಗೇರಿಯ ಒಬ್ಬ ಅಕ್ಕ ಬಂದಿದ್ದರು. ಮನೆಯಲ್ಲಿ ಮಗ್ಗ. ಅವರ ಫೋನಿನಲ್ಲೂ ನಿಮ್ಮ ತಂದೆಯವರ ಹಾಗೇ ಪ್ಲೇ ಸ್ಟೋರ್ ಕಾಣದೆ ಹೋಗಿತ್ತು. ಬೇರೆ ಕಡೆ ಕೊಟ್ಟಿದ್ದರು, ಅವರು ಏನೂ ಕೇಳದೆ ಪೂರ್ತಿ ಅಳಿಸಿ ಕೊಟ್ಟಿದ್ದರು. ಪ್ಲೇ ಸ್ಟೋರ್ ಬಂದಿತ್ತು. ಅಕ್ಕ ನನ್ನ ಕೌಂಟರಿನ ಮೇಲೆ ಫೋನ್ ಇಟ್ಟು ಗ್ಯಾಲರಿ ತೆರೆದು ತೋರಿಸಿದರು. ಬಿಳಿ ಪರದೆ, ಒಂದೂ ಫೋಟೋ ಇಲ್ಲ. ಫೋನ್ ಕವರಿನ ಸಂದಿಯಲ್ಲಿ ಕೆಂಪು ನೂಲಿನ ಎಳೆ ಸಿಕ್ಕಿಕೊಂಡಿತ್ತು, ಮಾತಾಡುತ್ತಾ ಅದನ್ನೇ ಉಗುರಿನಿಂದ ಎಳೆಯುತ್ತಿದ್ದರು. "ಅದರಾಗ ನನ್ನ ಸೆರಗಿನ ನಮೂನಿ ಎಲ್ಲಾ ಇದ್ವು ತಮ್ಮಾ. ಮೂರು ವರ್ಷದ್ದು. ಗಿರಾಕಿ ಕೇಳಿದ್ರ ಏನ್ ತೋರಸ್ಲಿ?" ಅಂದರು.

ಅವರಿಗೆ ನಾನು ಏನೂ ಮಾಡಿಕೊಡಲು ಆಗಲಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಫೋನುಗಳು ಒಳಗಿನ ಡೇಟಾವನ್ನು ಬೀಗ ಹಾಕಿಯೇ ಇಡುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಆ ಬೀಗದ ಕೀಲಿಯೇ ಅಳಿಸಿಹೋಗುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ತಂದು ಹಚ್ಚಿದರೂ ಸಿಗುವುದಿಲ್ಲ, ತರಿಸಿಕೊಡ್ತೀವಿ ಅಂತ ದುಡ್ಡು ಕೇಳುವವರನ್ನೂ ನಂಬಬೇಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಇದ್ದಿದ್ದರೆ ಬರುತ್ತಿತ್ತು. ಆ ಅಕ್ಕನದ್ದು ಇರಲಿಲ್ಲ. ಒಂದು ಎನೇಬಲ್ ಬಟನ್ ಒತ್ತಿದ್ದರೆ ಮುಗಿಯುವ ಕೆಲಸ ಅದು. ನನಗೆ ಇವತ್ತಿಗೂ ಅದು ಹೊಟ್ಟೆಯೊಳಗೆ ಕೂತಿದೆ.

ಇನ್ನೊಂದು ತಪ್ಪು ದಾರಿಯನ್ನೂ ಹೇಳಿಬಿಡುತ್ತೇನೆ. ಪ್ಲೇ ಸ್ಟೋರ್ ಇಲ್ಲ ಅಂದ ಕೂಡಲೇ ಜನ ಅದರ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್, ಎಲ್ಲಿಂದಲಾದರೂ ಇಳಿಸಿಕೊಳ್ಳಲು ನೋಡುತ್ತಾರೆ, ಇಲ್ಲ ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಬೇಡ. ಮದುವೆ ಕಾರ್ಡು, ಗಾಡಿ ದಂಡದ ಚಲನ್, ಪಿಎಂ ಕಿಸಾನ್ ಅಂತೆಲ್ಲ ಹೆಸರಿಟ್ಟು ಎಪಿಕೆ ಕಳಿಸಿ ಬ್ಯಾಂಕಿನ ದುಡ್ಡು ಎಗರಿಸುವುದು ನಡೆದೇ ಇದೆ. ಇಂಥ ಆ್ಯಪ್ ಒಳಗೆ ಕೂತರೆ ಮೊದಲು ಕೇಳುವುದೇ ಮೆಸೇಜ್ ಓದುವ ಪರ್ಮಿಷನ್, ಓಟಿಪಿ ಕದಿಯಲು. ತಂದೆಯವರ ಫೋನಿನಲ್ಲಿ ಬ್ಯಾಂಕ್ ಇದೆ ಅಂದಿದ್ದೀರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹಾಗೇನಾದರೂ ಈಗಾಗಲೇ ಹಾಕಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಂಪನಿ ಕೊಟ್ಟ ಎಲ್ಲಾ ಆ್ಯಪ್‌ಗಳೂ ಸಿಸ್ಟಮ್‌ನಲ್ಲಿ ಇರುವುದಿಲ್ಲ. ಆಟ, ಶಾಪಿಂಗ್ ಇಂಥವು ನಿಜವಾಗಿಯೂ ಅಳಿಸಿಹೋಗುತ್ತವೆ, ಅವು ಬೇಕಾದರೆ ಪ್ಲೇ ಸ್ಟೋರಿನಲ್ಲಿ ಸಿಗುತ್ತವೆ. ಸ್ಯಾಮ್ಸಂಗ್‌ನದೇ ಆ್ಯಪ್‌ಗಳು ಗ್ಯಾಲಕ್ಸಿ ಸ್ಟೋರಿನಲ್ಲಿ.

ಹುಡುಗ ಯೂಟ್ಯೂಬ್ ನೋಡಿ ಫೋನನ್ನು ಕಂಪ್ಯೂಟರಿಗೆ ಹಚ್ಚಿ ಆ್ಯಪ್ ತೆಗೆದಿದ್ದಾನಾ, ಅದನ್ನೊಂದು ಕೇಳಿ. ಹಾಗೆ ತೆಗೆದರೆ ಸೆಟ್ಟಿಂಗ್ಸ್ ಪಟ್ಟಿಯಲ್ಲೂ ಹೆಸರು ಸಿಗದೆ ಹೋಗಬಹುದು. ಆದರೆ ಆಗಲೂ ಮೂಲ ಪ್ರತಿ ಸಿಸ್ಟಮ್‌ನಲ್ಲೇ ಇರುತ್ತದೆ. ಎಡಿಬಿ, ಅಂದರೆ ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ, ಗೊತ್ತಿರುವ ರಿಪೇರಿಯವರ ಹತ್ತಿರ ಹೋಗಿ, 'ಇನ್‌ಸ್ಟಾಲ್ ಎಕ್ಸಿಸ್ಟಿಂಗ್ ಕಮಾಂಡ್ ಹಾಕಿ ಕೊಡ್ರಿ, ಡೇಟಾ ಅಳಿಸಬ್ಯಾಡ್ರಿ' ಅಂತ ಇದೇ ಮಾತಿನಲ್ಲಿ ಹೇಳಿ. ಗೊತ್ತಿದ್ದವರು ಕೂಡಲೇ ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ಎದುರೇ ಮಾಡಿಸಿ.

ಐಫೋನಿನಲ್ಲಿ ಹೀಗೆ ಆ್ಯಪ್ ಕಾಣದೆ ಹೋದರೆ ಏನು ಮಾಡಬೇಕು ಅಂತ ಇನ್ನೊಬ್ಬರು ಕೇಳಿದ್ದಾರೆ. ಅಲ್ಲಿ 2016ರ ಐಓಎಸ್ 10ರಿಂದ ಆ್ಯಪಲ್‌ನ ಸ್ವಂತದ ಕೆಲವು ಆ್ಯಪ್‌ಗಳನ್ನೂ ತೆಗೆಯಬಹುದು, ಆ್ಯಪ್ ಸ್ಟೋರಿನಲ್ಲಿ ಹೆಸರು ಹುಡುಕಿದರೆ ಪುಕ್ಕಟೆ ತಿರುಗಿ ಸಿಗುತ್ತವೆ. ಕ್ಯಾಮೆರಾ, ಸಫಾರಿ ಕಾಣದಿದ್ದರೆ ಸ್ಕ್ರೀನ್ ಟೈಮ್ ಒಳಗಿನ ನಿರ್ಬಂಧಗಳನ್ನು ನೋಡಿ, ಅಲ್ಲಿ ಆಫ್ ಆಗಿರಬಹುದು.

ಇಷ್ಟೆಲ್ಲಾ ಮಾಡಿಯೂ ಆಗದೆ ಅಳಿಸಲೇಬೇಕಾಗಿ ಬಂದರೆ, ಅದಕ್ಕೆ ಮೊದಲು ಫೋಟೋಗಳನ್ನು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಕೊಳ್ಳಿ. ನಂಬರುಗಳು ಗೂಗಲ್ ಅಕೌಂಟಿಗೆ ಸಿಂಕ್ ಆಗಿವೆಯಾ ನೋಡಿ. ವಾಟ್ಸ್ಆ್ಯಪ್ ಬ್ಯಾಕಪ್ ಮಾಡಿ. ತಂದೆಯವರ ಜಿಮೇಲ್ ಮತ್ತು ಪಾಸ್‌ವರ್ಡ್ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ, ಅಂಗಡಿಗೆ ಕೊಡಬೇಡಿ. ಅಳಿಸಿದ ಮೇಲೆ ಫೋನ್ ಹಳೆಯ ಅಕೌಂಟನ್ನೇ ಕೇಳಬಹುದು, ಗೊತ್ತಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಹೊಸ ಫೋನ್ ಕೊಡಿಸುವಾಗ ಅಂಗಡಿಯವರೇ ಯಾವುದೋ ಜಿಮೇಲ್ ಮಾಡಿಕೊಟ್ಟು, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಫೋನುಗಳು ನನ್ನ ಹತ್ತಿರ ಎಷ್ಟೋ ಬಂದಿವೆ.

ಎನೇಬಲ್ ಬಟನ್ ಸಿಗದೆ ಹೋದರೆ ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಮಾಡೆಲ್ ಹೆಸರು, ಆಂಡ್ರಾಯ್ಡ್ ಎಷ್ಟನೆಯದು ಅಂತ ನೋಡಿ ಇಲ್ಲೇ ಬರೆಯಿರಿ. ಐಎಂಇಐ ನಂಬರ್ ಹಾಕಬೇಡಿ, ಅದು ಬೇಕಾಗಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಉತ್ತರ ಬರೆಯುತ್ತೇನೆ. ಅಲ್ಲಿತನಕ ಫೋನ್ ಮನೆಯಲ್ಲೇ ಇರಲಿ.