ಕ್ಯಾಂಪ್‌ಬೆಲ್‌ಟೌನ್‌ನಂಥ ಪುಟ್ಟ ಊರಿನಲ್ಲಿ 1913ರ ಚಿತ್ರಮಂದಿರ ಇನ್ನೂ ನಡೆಯುತ್ತಿರುವುದು ಹೇಗೆ?

ಊರಿನವರೇ ಅದನ್ನು ಕೊಂಡು ಉಳಿಸಿಕೊಂಡರು. ಜೀರ್ಣೋದ್ಧಾರ ಮಾಡುವಾಗ ಎರಡನೆಯ ಪರದೆಯೊಂದನ್ನೂ ಸೇರಿಸಿದರು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಈ ಊರಿನ ಜನಸಂಖ್ಯೆ ಸುಮಾರು 5 ಸಾವಿರ, ಅಷ್ಟೆ.

ಎರಡನೆಯ ಪರದೆ ಯಾಕೆ ಬೇಕಾಯಿತು? ಹೊಸ ಸಿನಿಮಾ ಬಿಡುಗಡೆಯಾದ ಕೂಡಲೇ ಬೇಕೆಂದರೆ, ಅದನ್ನು ಇಂತಿಷ್ಟು ವಾರ ಓಡಿಸಬೇಕು ಎಂದು ವಿತರಕರು ಸಾಮಾನ್ಯವಾಗಿ ಷರತ್ತು ಹಾಕುತ್ತಾರೆ. ಪುಟ್ಟ ಊರಿನಲ್ಲಿ ನೋಡಬೇಕಾದವರೆಲ್ಲ ಮೊದಲ ವಾರವೇ ನೋಡಿ ಮುಗಿಸಿರುತ್ತಾರೆ. ಪರದೆ ಒಂದೇ ಇದ್ದರೆ ಉಳಿದ ದಿನ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಬೇಕು. ಎರಡಿದ್ದರೆ ಹಳೆಯದನ್ನು ಚಿಕ್ಕ ಸಭಾಂಗಣಕ್ಕೆ ಸಾಗಿಸಿ, ದೊಡ್ಡದರಲ್ಲಿ ಹೊಸದನ್ನು ಹಾಕಬಹುದು.

ಆ ಚಿಕ್ಕ ಸಭಾಂಗಣವನ್ನು ಹಿಂಬದಿಯ ಹೊಸ ಕಟ್ಟಡದಲ್ಲಿ ಕಟ್ಟಿದ್ದು ನನಗೆ ಬಹಳ ಮೆಚ್ಚಿಗೆಯಾದ ನಿರ್ಧಾರ. ಹಳೆಯ ಸಭಾಂಗಣವನ್ನೇ ಗೋಡೆ ಹಾಕಿ ಸೀಳಿದ್ದರೆ ಅದರ ಜೀವಾಳವೇ ಹೋಗುತ್ತಿತ್ತು. ವಾಸ್ತುಶಿಲ್ಪಿ ಎ. ವಿ. ಗಾರ್ಡ್ನರ್ 1930ರ ದಶಕದಲ್ಲಿ ಅದನ್ನು 'ಅಟ್ಮಾಸ್ಫೆರಿಕ್' ಶೈಲಿಗೆ ಬದಲಿಸಿದ್ದರು. ಅಂದರೆ ಪ್ರೇಕ್ಷಕರಿಗೆ ಬಯಲಲ್ಲಿ ಕೂತಂತೆ ಅನಿಸಬೇಕು: ತಲೆಯ ಮೇಲೆ ಆಕಾಶದಂತೆ ಚಿತ್ರಿಸಿದ ಚಾವಣಿ, ಪರದೆಯ ಎಡಬಲಕ್ಕೆ ಗೋಡೆಯಿಂದ ಹೊರಚಾಚಿದ ಎರಡು ಪುಟಾಣಿ ಕೋಟೆಗಳು. ಇಂಥ ಒಳಾಂಗಣ ಯುರೋಪಿನಲ್ಲೇ ಕೆಲವೆಡೆ ಮಾತ್ರ ಉಳಿದಿದೆ.

1980ರ ದಶಕದಲ್ಲಿ ಚಿತ್ರಮಂದಿರ ಮುಚ್ಚಿದಾಗ ಸ್ಥಳೀಯರ ಸಂಸ್ಥೆಯೊಂದು ಅದನ್ನು ವಹಿಸಿಕೊಂಡಿತು. 2014ರಲ್ಲಿ ಮತ್ತೆ ಮುಚ್ಚಿದ್ದು ಜೀರ್ಣೋದ್ಧಾರಕ್ಕಾಗಿ. ಲಾಟರಿ ಹಣದಿಂದ ಪರಂಪರೆಯ ಕಟ್ಟಡಗಳಿಗೆ ಸಿಗುವ ಅನುದಾನವೂ ಸೇರಿ ಸುಮಾರು 35 ಲಕ್ಷ ಪೌಂಡ್ ಖರ್ಚಾಯಿತು. 2017ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು.